ಬಿಟ್ಟು ಓದಿದ ಸಾಲು

ಗಟ್ಟಿಯಾಗಿ ಓದುತ್ತಿದ್ದ ಭಾವನಾ ನಡುವೆ ತಟಕ್ಕನೆ ನಿಲ್ಲಿಸಿ ಅತ್ತೆ ಸುಂದ್ರಮ್ಮನ ಮುಖ ನೋಡಿದಳು. ಅವರು ಹುಬ್ಬಿನಲ್ಲೇ ಏನೋ ಸನ್ನೆ ಮಾಡಿದರು. ಭಾವನಾ ಚೀಟಿಯನ್ನು ಮಡಚಿ, “ಅಷ್ಟೇ ಬೀರಮ್ಮ. ನಿಮ್ಮ ಮಗಳನ್ನ ತುಂಬಾ ಹೊಗಳಿದ್ದಾರೆ” ಎಂದಳು.

ಚಿಕ್ಕಬೀರಮ್ಮ ಬೆಳಗಿನಿಂದ ಸುಂದ್ರಮ್ಮನ ಮನೆಯ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು, ಆ ಬಿಸಿಗೂಡಿನಲ್ಲಿ ಒಣಗಿಸಲೆಂದು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದಳು. ಅಂಟು ಮೆತ್ತಿ ಕಪ್ಪಾಗಿದ್ದ ಬೆರಳುಗಳು ಎಲೆಯ ಮೇಲೇ ನಿಂತವು. ಅಕ್ಷರ ಬಾರದಿದ್ದರೂ ಅವಳ ಕಣ್ಣಿಗೆ ಎಣಿಕೆ ಗೊತ್ತಿತ್ತು. ಭಾವನಾಳ ನೋಟ ಚೀಟಿಯ ಅರ್ಧಕ್ಕೂ ಇಳಿದಿರಲಿಲ್ಲ. ಕೆಳಗೆ ಇನ್ನೂ ಅಷ್ಟೇ ಬರಹವಿತ್ತು.

ಚೀಟಿ ಬಂದದ್ದು ಒಂದು ಹುರಿಹಿಟ್ಟಿನ ಪೊಟ್ಟಣದೊಳಗೆ. ತವರಿಗೆಂದು ಮೈಸೂರಿಗೆ ಹೋಗಿದ್ದ ಭಾವನಾ ಅಲ್ಲಿಯ ಯಾವುದೋ ಮೇಳದಲ್ಲಿ ಅದನ್ನು ಕೊಂಡಿದ್ದಳಂತೆ. ಮನೆಗೆ ಬಂದು ಬಿಚ್ಚಿದರೆ ಒಳಗಿನ ಚೀಟಿಯ ಮೇಲೆ ಬೀರಮ್ಮನ ಮಗಳು ಶಾಂತಲಾಳ ಫೋಟೊ. ತಲೆಗೆ ಬಿಳಿ ಟೋಪಿ ಹಾಕಿಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದಳು. ಮಗಳು ಮನೆಯಲ್ಲಿ ಹಾಗೆ ನಕ್ಕದ್ದನ್ನು ಬೀರಮ್ಮ ಎಂದೂ ಕಂಡಿರಲಿಲ್ಲ.

ಫೋಟೊ ನೋಡಿಕೊಳ್ಳುತ್ತೇನೆ, ಚೀಟಿ ನನಗೇ ಕೊಡಿ ಎಂದು ಅವಳು ಕೇಳಿದಳು. ಓದಲು ಬಾರದವಳಿಗೆ ಅದೇಕೆ ಎಂದು ಸುಂದ್ರಮ್ಮ ಒಮ್ಮೆ ಅಂದರೂ, ಫೋಟೊ ಎಂದ ಮೇಲೆ ಇಲ್ಲವೆನ್ನಲಾಗಲಿಲ್ಲ. ಬೀರಮ್ಮ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಮತ್ತೆ ಕೆಲಸಕ್ಕೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಸುಂದ್ರಮ್ಮ ತಾವಾಗಿಯೇ ಮಾತು ತೆಗೆದರು.

“ಸುಮ್ಸುಮ್ನೆ ಯಾರ್ ಬೀರಮ್ಮ ಪುಗಸಟ್ಟೆ ಓದ್ಸಿ, ಕೆಲ್ಸ ಕಲ್ಸಿ, ಮಧ್ಯಾಹ್ನದ್ ಊಟನೂ ಆಕ್ತಾರೆ? ನೋಡೀಗ, ನಿನ್ ಮಗಳ ಮುಖಾನ ಪೊಟ್ಟಣದಾಗೆ ತುಂಬಿ ಮಾರ್ತಾವ್ರೆ.”

ಸುಂದ್ರಮ್ಮನ ಮಾತಿನ ಹಿಂದೆ ಏನಿದೆಯೆಂದು ಬೀರಮ್ಮನಿಗೆ ತಿಳಿಯದ್ದಲ್ಲ. ಶಾಂತಲಾ ಹುಣಸೂರಿನ ತರಬೇತಿಗೆ ಹೋಗತೊಡಗಿದ ಮೇಲೆ ಅವರ ಬ್ಯಾರನ್ನಿಗೆ ಚುರುಕಾದ ಎರಡು ಕೈ ಕಡಿಮೆಯಾಗಿದ್ದವು. ಆದರೂ ಆ ಮಾತು ಸೊಪ್ಪಿನ ಅಂಟಿನಂತೆ ಹಿಡಿದುಕೊಂಡಿತು, ತೊಳೆದರೂ ಹೋಗಲಿಲ್ಲ.

ಯಾರನ್ನೂ ಪೂರ್ತಿ ನಂಬದ ಸ್ವಭಾವ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮೂರು ವರ್ಷದ ಹಿಂದೆ, ಶಾಂತಲಾ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಾಗ, ಮಿರ್ಲೆಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಗೆ ಹದಿನಾರು. ಬೀರಮ್ಮ ತಾನು ಹದಿನಾಲ್ಕಕ್ಕೇ ತಾಳಿ ಕಟ್ಟಿಸಿಕೊಂಡವಳು. ಗಂಡ ಸಣ್ಣಬೀರಯ್ಯ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಬೆಳೆದ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಸೊಪ್ಪು ಕಟ್ಟಲು ಹೋದ ದಿನ ಬೀರಮ್ಮ ನಡುವೆ ಎರಡು ಸಲ ಮನೆಗೆ ಬಂದು ನೋಡಿ ಹೋಗುತ್ತಿದ್ದಳು. ಗಂಡಿನವರು ಏನನ್ನೂ ಕೇಳಲಿಲ್ಲ. ಅವಳು ಒಪ್ಪಿಬಿಟ್ಟಳು. ಚಪ್ಪರ ಹಾಕಿದ ದಿನವೇ ಇಬ್ಬರು ಅಧಿಕಾರಿಗಳೂ ಒಬ್ಬಳು ಪೊಲೀಸಿನವಳೂ ಬಂದಿಳಿದರು. ತಾಲ್ಲೂಕು ಕಚೇರಿಗೆ ಕರೆದೊಯ್ದು, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಕಾಗದವನ್ನು ಓದಿ ಹೇಳಿದವನು ಏನು ಓದಿದನೋ, ಏನು ಬಿಟ್ಟನೋ. ಮೂಲೆಯಲ್ಲಿ ನಿಂತಿದ್ದ ಶಾಂತಲಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ದೂರು ಹೇಳಿದವರು ಯಾರೆಂದು ಊರಿಗೆ ಊರೇ ಒಬ್ಬರ ಕಡೆಗೆ ಬೆರಳು ಮಾಡಿತು. ಅಂಗನವಾಡಿ ಟೀಚರ್ ವಿಮಲಮ್ಮ. ಊರಿನ ಮಕ್ಕಳ ವಯಸ್ಸಿನ ಪುಸ್ತಕ ಇದ್ದದ್ದು ಅವರ ಬಳಿ. ಇನ್ನೆರಡು ವರ್ಷ ತಡಿ ಎಂದು ಮನೆಗೆ ಬಂದು ಹೇಳಿ ಹೋದವರೂ ಅವರೇ. ಕಚೇರಿಯಿಂದ ಬಂದ ಸಂಜೆ ಬೀರಮ್ಮ ವಿಮಲಮ್ಮನ ಮನೆಯ ಮುಂದೆ ನಿಂತು ಮೂರು ಹಿಡಿ ಮಣ್ಣು ತೂರಿ ಶಾಪ ಹಾಕಿದಳು. ನಾನಲ್ಲ ಎಂದು ವಿಮಲಮ್ಮ ಒಂದೇ ಒಂದು ಸಲ ಹೇಳಿ ಒಳಗೆ ಹೋದರು. ಆಮೇಲೆ ಒಂದು ವರ್ಷ ಆ ಬೀದಿಯ ಅರ್ಧ ಮಕ್ಕಳು ಅಂಗನವಾಡಿಯ ಮೆಟ್ಟಿಲು ಹತ್ತಲಿಲ್ಲ.

ಹೀಗಾಗಿ, ಶಾಂತಲಾ ತಾಯಿಯ ಜೊತೆ ಸೊಪ್ಪು ಕಟ್ಟಲು ಬರತೊಡಗಿದ್ದ ದಿನಗಳಲ್ಲಿ, ಶಾಲೆ ಬಿಟ್ಟ ಹೆಣ್ಣುಮಕ್ಕಳ ಪಟ್ಟಿ ಹಿಡಿದುಕೊಂಡು ಹುಣಸೂರಿನ ತರಬೇತಿ ನಡೆಸುವ ಟ್ರಸ್ಟಿನ ಸಿಂಧು ಮೇಡಂ ಮನೆಗೆ ಬಂದಾಗಲೂ ಬೀರಮ್ಮ ಕೂರಿ ಎನ್ನಲಿಲ್ಲ. ಪಿಯುಸಿ ಪರೀಕ್ಷೆ ಕಟ್ಟಿಸುತ್ತೇವೆ, ಜೊತೆಗೆ ಸ್ವಂತ ಕಸುಬು ಕಲಿಸುತ್ತೇವೆ ಎಂದು ಆಕೆ ಹೇಳಿದ್ದಳು. ಬೀರಮ್ಮ ಒಂದು ವಾರ ಸುಮ್ಮನಿದ್ದು, ಹೇಳದೆ ಕೇಳದೆ ಹುಣಸೂರಿಗೆ ಹೋದಳು. ಕಟ್ಟಡದ ಒಳಹೊರಗೆಲ್ಲ ಸುತ್ತಿ, ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ತಾನೇ ಹಾಕಿ ನೋಡಿದ ಮೇಲೆಯೇ ಮಗಳನ್ನು ಕಳಿಸಿದ್ದು.

ಆ ಸಂಜೆ ಶಾಂತಲಾ ಮನೆಗೆ ಬಂದಾಗ ಬೀರಮ್ಮ ಚೀಟಿಯ ಮಾತೆತ್ತಲಿಲ್ಲ. ರೊಟ್ಟಿ ತಟ್ಟುತ್ತ ಮಗಳ ಮುಖ ನೋಡಿದಳು. ಹುರಿದ ರಾಗಿಯ ವಾಸನೆ ಅವಳ ಕೂದಲಿನಿಂದ ಬರುತ್ತಿತ್ತು. ಶಾಂತಲಾ ಮಾಮೂಲಿನಂತೆ ಊಟ ಮಾಡಿ, ಫೋನಿನಲ್ಲಿ ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡಿ ಮಲಗಿದಳು. ಮೈಸೂರಿನ ಜನವೆಲ್ಲ ನೋಡುವ ಕಾಗದದಲ್ಲಿ ತನ್ನ ಫೋಟೊ ಇದೆಯೆಂದು ಹೆತ್ತ ತಾಯಿಗೆ ಒಂದು ಮಾತು ಹೇಳದವಳು ಇನ್ನೇನೇನು ಹೇಳದೆ ಉಳಿಸಿಕೊಂಡಿದ್ದಾಳೋ ಎನಿಸಿತು.

ಮಾರನೆಯ ದಿನ ಮಗಳು ಹೊರಟ ಮೇಲೆ ಬೀರಮ್ಮ ಬ್ಯಾರನ್ನಿಗೆ ಹೋಗಲಿಲ್ಲ. ಬಸ್ಸು ನಿಲ್ಲುವಲ್ಲಿ ಅಂಗಡಿಯ ಮಹೇಶ್‌ಕುಮಾರನಿಗೆ ಚೀಟಿ ಕೊಟ್ಟು ಓದಲು ಕೇಳಿದಳು. ಅವನು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಹುರಿಹಿಟ್ಟು ಮೈಗೆ ಒಳ್ಳೆಯದಂತೆ, ಫೋನ್ ನಂಬರು ಹಾಕಿದ್ದಾರೆ, ಇಷ್ಟೇ ಎಂದು ಹಿಂದಿರುಗಿಸಿದ. ಭಾವನಾ ಓದಿದ್ದರಲ್ಲಿ ಮೈಗೆ ಒಳ್ಳೆಯದೆಂಬ ಮಾತೇ ಇರಲಿಲ್ಲ. ಒಂದೇ ಕಾಗದ ಇಬ್ಬರ ಬಾಯಲ್ಲಿ ಎರಡು ಮಾತಾಡುತ್ತಿತ್ತು. ಹುಣಸೂರಿನ ಬಸ್ಸು ಬಂದಾಗ ಅವಳು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹೀಗೆ ಹೊರಡಲು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ನಾಲ್ವರು ಹುಡುಗಿಯರು ಕೆಲಸ ಮಾಡುತ್ತಿದ್ದರು. ಒಬ್ಬಳು ದೊಡ್ಡ ಬಾಣಲೆಯಲ್ಲಿ ರಾಗಿ ಹುರಿಯುತ್ತಿದ್ದಳು, ಅದು ಚಟಪಟನೆ ಅರಳುತ್ತಿತ್ತು. ಇನ್ನೊಬ್ಬಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಪೂಜಾ ಎಂಬವಳು ಪೊಟ್ಟಣದ ಬಾಯನ್ನು ಯಂತ್ರಕ್ಕೆ ಕೊಟ್ಟು ಮುಚ್ಚುತ್ತಿದ್ದಳು. ಶಾಂತಲಾ ಫೋನಿನಲ್ಲಿ ಯಾರಿಗೋ, ಸೋಮವಾರಕ್ಕೆ ಇನ್ನೂರು ಪೊಟ್ಟಣ ಖಂಡಿತ ಕಳಿಸುತ್ತೇವೆ, ಈ ಸಲ ಲಾರಿಯವರು ತಡ ಮಾಡಿದರೆ ನಾವೇ ಬೇರೆ ಗಾಡಿ ಮಾಡುತ್ತೇವೆ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಅದು ಬೀರಮ್ಮನಿಗೆ ಪರಿಚಯವಿಲ್ಲದ ದನಿ. ತಾಯಿಯನ್ನು ಕಂಡದ್ದೇ ಮಗಳ ಮುಖ ಇಳಿಯಿತು.

“ಯಾಕವ್ವ, ಅಪ್ಪಂಗೇನಾದ್ರೂ ಆಯ್ತಾ?”

“ಅಪ್ಪ ಚೆಂದಾಗವ್ನೆ. ಇದ್ನ ಓದು.”

ಶಾಂತಲಾ ಫೋನ್ ಕೆಳಗಿಟ್ಟು ಚೀಟಿಯನ್ನು ತೆಗೆದುಕೊಂಡಳು. ಆಮೇಲೆ ಶಾಲೆಯಲ್ಲಿ ಪಾಠ ಒಪ್ಪಿಸುವವಳಂತೆ ಓದತೊಡಗಿದಳು. ಶಾಂತಲಾ ಹುಣಸೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ. ಹತ್ತನೆಯ ತರಗತಿ ಮುಗಿಸಿ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಿದ್ದಳು. ಈಗ ಪಿಯುಸಿ ಮುಗಿಸಿ ಮೂವರು ಗೆಳತಿಯರೊಂದಿಗೆ ಸ್ವಂತ ಘಟಕ ನಡೆಸುತ್ತಿದ್ದಾಳೆ. ಅವರು ಕೈಯಾರೆ ಹುರಿದು ಬೀಸಿದ ಈ ಹಿಟ್ಟು ನಿಮ್ಮ ಮಕ್ಕಳ ಆರೋಗ್ಯಕ್ಕೆ ಒಳ್ಳೆಯದು.

ಬೀರಮ್ಮ ಮಗಳ ಬಾಯನ್ನು ನೋಡುತ್ತಿರಲಿಲ್ಲ, ಕಣ್ಣನ್ನು ನೋಡುತ್ತಿದ್ದಳು. ಭಾವನಾ ನಿಲ್ಲಿಸಿದ್ದ ಜಾಗದಲ್ಲೇ ಆ ಕಣ್ಣು ಒಮ್ಮೆ ಮಿಟುಕಿ ಕೆಳಗೆ ಹಾರಿತ್ತು.

ಅವಳು ಬಾಯಿ ತೆರೆಯುವ ಮೊದಲೇ ಯಂತ್ರದ ಬಳಿಯಿದ್ದ ಪೂಜಾ ತಲೆಯೆತ್ತದೆ, “ಮಧ್ಯ ಒಂದ್ ಸಾಲು ಬಿಟ್ಬುಟ್ಟೆ ಕಣೆ ಶಾಂತ” ಎಂದಳು. ದಿನಕ್ಕೆ ನೂರು ಸಲ ಆ ಚೀಟಿಯನ್ನು ಪೊಟ್ಟಣಕ್ಕೆ ಹಾಕುವವಳಿಗೆ ಅದು ಬಾಯಿಪಾಠವಾಗಿತ್ತು. ಆಮೇಲೆ ತಲೆಯೆತ್ತಿ ಇಬ್ಬರ ಮುಖ ನೋಡಿ, ಮುಖ ಸಣ್ಣದು ಮಾಡಿಕೊಂಡು ಪೊಟ್ಟಣಗಳನ್ನು ಎಳೆದುಕೊಂಡಳು.

“ಬೆರಳಿಟ್ಟು ಓದು” ಎಂದಳು ಬೀರಮ್ಮ.

ಶಾಂತಲಾ ಬೆರಳಿಟ್ಟು ಓದಿದಳು. “ಹದಿನಾರನೇ ವಯಸ್ಸಿನಲ್ಲಿ ಮನೆಯವರು ಗೊತ್ತುಮಾಡಿದ್ದ ತನ್ನ ಮದುವೆಯನ್ನು, ಸಹಾಯವಾಣಿಗೆ ತಾನೇ ಫೋನ್ ಮಾಡಿ ನಿಲ್ಲಿಸಿದ ದಿಟ್ಟ ಹುಡುಗಿ.”

ಬಾಣಲೆಯ ರಾಗಿ ಅರಳುವುದು ನಿಂತು ಸೀದ ವಾಸನೆ ಬಂತು. ಹುರಿಯುತ್ತಿದ್ದವಳು ಗಡಿಬಿಡಿಯಿಂದ ಒಲೆ ಆರಿಸಿದಳು. ಬೀರಮ್ಮ ಗೋಡೆಗೆ ಒರಗಿಸಿಟ್ಟಿದ್ದ ಚೀಲದ ಮೇಲೆ ಕೂತಳು. ಅಧಿಕಾರಿಯ ಮೇಜು, ನೀಲಿ ಶಾಯಿಯ ಡಬ್ಬಿ, ತನ್ನ ಹೆಬ್ಬೆಟ್ಟು, ಮೂಲೆಯಲ್ಲಿ ಬಿಕ್ಕುತ್ತಿದ್ದ ಹುಡುಗಿ, ಎಲ್ಲ ಇದ್ದಲ್ಲೇ ಇತ್ತು. ಹುಡುಗಿಯ ಅಳು ಮಾತ್ರ ಈಗ ಬೇರೆಯಾಗಿ ಕೇಳುತ್ತಿತ್ತು.

“ಅಂಗಾದ್ರೆ ವಿಮಲಮ್ಮ?” ಎಂದಳು.

“ಅವ್ರಿಗೇನೂ ಗೊತ್ತಿರ್ಲಿಲ್ಲ ಕಣವ್ವ. ಅಪ್ಪನ್ ತಾವ ಮಾತಾಡ್ಬೇಕು ಅಂತ ಅವ್ರ ಫೋನ್ ಇಸ್ಕೊಂಡೆ.” ಶಾಂತಲಾ ಚೀಟಿಯನ್ನು ಮಡಚುತ್ತಲೇ ಇದ್ದಳು, ಅದು ಉಗುರಿನಷ್ಟಾಯಿತು. “ನಾಕ್ ದಿನ ಬುಟ್ಟು ಯೋಳನ ಅಂತಿದ್ದೆ. ನೀನು ಅವತ್ತೇ ಹೋಗಿ ಮಣ್ ತೂರ್ಬುಟ್ಟೆ. ಆಮ್ಯಾಕೆ ಬಾಯೇ ಬರ್ನಿಲ್ಲ.”

“ಮೂರ್ ವರ್ಸ.”

“ಊಂ.”

“ಊರೋರ್ಗೆಲ್ಲ ಯೋಳ್ದೆ. ಅಚ್ಚಾಕ್ಸಿ ಹಂಚ್ದೆ. ನಂಗ್ ಯೋಳ್ನಿಲ್ಲ.”

“ನಿಂಗ್ ಓದಕ್ ಬರಲ್ಲ ಅಂತ…” ಎಂದು ಶಾಂತಲಾ ಅಷ್ಟಕ್ಕೇ ನಿಲ್ಲಿಸಿದಳು. ಹೇಳಿದ್ದು ಏನೆಂದು ಆಮೇಲೆ ಅವಳಿಗೆ ತಿಳಿಯಿತು. ಮುಖ ಆಚೆ ತಿರುಗಿಸಿಕೊಂಡಳು.

ಯಾರೋ ಹೋಗಿ ಸಿಂಧು ಮೇಡಮ್ಮನ್ನು ಕರೆತಂದರು. ಒಂದು ಸಭೆಯಲ್ಲಿ ಶಾಂತಲಾಳೇ ಈ ವಿಷಯ ಹೇಳಿದ್ದು, ಅವಳನ್ನು ಕೇಳಿಯೇ ಅಚ್ಚು ಹಾಕಿಸಿದ್ದು, ಬೇಡವೆಂದರೆ ಮುಂದಿನ ಸಲ ಆ ಸಾಲು ತೆಗೆಸುತ್ತೇನೆ ಎಂದು ಆಕೆ ಮೆಲ್ಲಗೆ ವಿವರಿಸಿದಳು. ಟೀ ತರಿಸಲೇ ಎಂದೂ ಕೇಳಿದಳು. ನಿನ್ನೆಯಿಂದ ಬೀರಮ್ಮ ಈ ಹೆಂಗಸಿಗಾಗಿ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ. ನಿಮಗೆ ತೋಚಿದ್ದು ಮಾಡಿಕೊಳ್ಳಿ ಎಂದು ಎದ್ದಳು.

ಶಾಂತಲಾ ಟೋಪಿ ತೆಗೆದು, ತಾನೂ ಬರುತ್ತೇನೆ, ಟೀಚರಮ್ಮನಿಗೆ ತಾನೇ ಹೇಳುತ್ತೇನೆ ಎಂದು ಬಾಗಿಲ ತನಕ ಹಿಂದೆ ಬಂದಳು.

“ನೀನ್ ಯೋಳೋದು ನೀನ್ ಯೋಳು, ಇನ್ನೊಂದಿನ. ಮಣ್ ತೂರಿದ್ದು ನಾನು” ಎಂದು ಬೀರಮ್ಮ ತಿರುಗಿ ನೋಡದೆ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಆ ಮೂರು ವರ್ಷವನ್ನು ಹಿಂದಿನಿಂದ ಎಣಿಸಿದಳು. ನಲ್ಲಿಯ ಮುಂದೆ ವಿಮಲಮ್ಮ ಬಿಂದಿಗೆ ಇಟ್ಟರೆ ತಾನು ತನ್ನದನ್ನು ಎತ್ತಿಕೊಂಡು ಹೋದದ್ದು. ಅವರ ಗಂಡ ಆಸ್ಪತ್ರೆ ಸೇರಿದಾಗ ತಾನು ಮನಸ್ಸಿನಲ್ಲೇ ಅಂದುಕೊಂಡದ್ದು. ಮಗಳು ಮಾಡಿದ್ದು ಸರಿಯೋ ತಪ್ಪೋ ಅವಳಿಗೆ ಹೊಳೆಯಲಿಲ್ಲ. ಫೋನಿನಲ್ಲಿ ಲಾರಿಯವರ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿದ್ದ ಆ ದನಿ ಮಿರ್ಲೆಯ ಯಾವುದೋ ಅಡುಗೆಮನೆಯಲ್ಲಿ ಇರುತ್ತಿತ್ತೇ ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಅಂಗನವಾಡಿಯಲ್ಲಿ ಊಟ ಮುಗಿಸಿದ ಮಕ್ಕಳು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ವಿಮಲಮ್ಮ ಕಿಟಕಿಯ ಬಳಿ ಏನೋ ಬರೆಯುತ್ತಿದ್ದವರು, ಹೊಸಿಲಿನಾಚೆ ನಿಂತವಳನ್ನು ಕಂಡು ಪೆನ್ನಿನ ಮುಚ್ಚಳ ಹಾಕಿದರು. ಇವಳು ಇಲ್ಲಿಗೆ ಯಾಕೆ ಬಂದಳು, ಈಗ ಇನ್ನೇನು ತೂರಲು ಬಂದಳು ಎಂಬಂತೆ ಅವರ ನೋಟ ಬೀರಮ್ಮನ ಮುಖದಿಂದ ಅವಳ ಕೈಗಳಿಗೆ ಇಳಿಯಿತು.

ಬೀರಮ್ಮ ಕೈಗಳನ್ನು ಸೆರಗಿನ ಮುಂದೆ ಹಿಡಿದುಕೊಂಡಳು. “ಫೋನ್ ಮಾಡಿದ್ದು ನನ್ ಮಗಳಂತೆ” ಎಂದಳು.

“ಗೊತ್ತು” ಎಂದರು ವಿಮಲಮ್ಮ. “ಆ ಆಫೀಸ್ನೋರು ಆಮೇಲೆ ತಿರುಗಾ ಫೋನ್ ಮಾಡಿದ್ದು ನನ್ ನಂಬರಿಗೆ.”

“ಗೊತ್ತಿದ್ದೂ ಯಾಕ್ ಯೋಳ್ನಿಲ್ಲ?”

“ಹೇಳಿದ್ರೆ ಅವತ್ತು ಆ ಹುಡುಗೀನ ಉಳಿಸ್ತಿದ್ಯಾ ನೀನು? ನಿನ್ ಗಂಡ ಉಳಿಸ್ತಿದ್ನಾ?”

ವಿಮಲಮ್ಮ ಉತ್ತರಕ್ಕೆ ಕಾಯಲಿಲ್ಲ. ಚಾಪೆಯ ತುದಿಯಲ್ಲಿದ್ದ ಮಗುವೊಂದು ಎದ್ದು ಅಳತೊಡಗಿತು. ಅವರು ಹೋಗಿ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಬಂದರು. ಬರುವಾಗ ದಾರಿಗೆ ಅಡ್ಡ ಇದ್ದ ಒಂದು ಪುಟ್ಟ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ಬಾಗಿಲ ಕಡೆಗೆ ತಳ್ಳಿದರು. ಕೂರು ಎಂದೋ, ಸುಮ್ಮನೆ ದಾರಿ ಮಾಡಿಕೊಂಡದ್ದೋ ತಿಳಿಯಲಿಲ್ಲ.

ಬೀರಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಅದರ ಮೇಲೆ ಕೂತಳು. ಮಕ್ಕಳ ಕುರ್ಚಿ, ಅವಳ ಮಂಡಿಗಳು ಎದೆಯ ಮಟ್ಟಕ್ಕೆ ಬಂದವು. ವಿಮಲಮ್ಮನ ಹೆಗಲ ಮೇಲಿನ ಮಗು ಅಳು ನಿಲ್ಲಿಸಿ, ಬೆರಳು ಚೀಪುತ್ತ, ಯಾರಿದು ಎಂಬಂತೆ ಅವಳನ್ನೇ ನೋಡುತ್ತಿತ್ತು.