ನೇರ ಮಾಡಿದ ಮುಖಗಳು

"ಹದಿಮೂರರಲ್ಲಿ ಬಂದಿದ್ರೆ ಬೆಳೆಯೋ ದವಡೆ ನಮ್ಮ ಮಾತು ಕೇಳ್ತಿತ್ತು. ಈಗ ಇಪ್ಪತ್ನಾಲ್ಕು," ಎಂದರು ಸಾಗರದ ದಂತವೈದ್ಯೆ ವಂದನಾ. "ಬೆಳವಣಿಗೆ ನಿಂತಿದ್ರೆ ಕ್ಲಿಪ್ ಹಾಕಬಹುದು. ಒಂದು ಕಡೆ ಇನ್ನೂ ಬೆಳೀತಾ ಇದ್ರೆ ಏನು ಮಾಡಿದ್ರೂ ಮತ್ತೆ ಸೊಟ್ಟಗಾಗತ್ತೆ. ಹಳೇ ಫೋಟೋ ಇದ್ರೆ ತನ್ನಿ, ಹೋಲಿಸಿ ನೋಡೋಣ."

ಶಿಲ್ಪಶ್ರೀಯ ಗದ್ದ ಎಡಕ್ಕೆ ಸರಿದಿತ್ತು. ಜೂನ್‌ನಲ್ಲಿ ತೀರ್ಥಹಳ್ಳಿಯ ಶಾಲೆಗೆ ಟೀಚರಾಗಿ ಸೇರಬೇಕು. ಮಕ್ಕಳು ಅಡ್ಡಹೆಸರು ಇಡುವ ಮೊದಲೇ ಚಿಕಿತ್ಸೆ ಶುರುವಾಗಲಿ ಎಂಬುದೊಂದೇ ಅವಳ ಆಸೆ.

"ಫೋಟೋಕ್ಕೇನು ಬರ ಇಲ್ಲ ಡಾಕ್ಟ್ರೇ," ಎಂದಳು. "ನಮ್ಮಪ್ಪಂದು ಹೊಸನಗರದಲ್ಲಿ ಸ್ಟುಡಿಯೋ."

ಮುಂದಿನ ವಾರ ಅಪ್ಪ ಯೋಗರಾಜನೂ ಅಂಗಡಿ ಮುಚ್ಚಿ ಜೊತೆಗೆ ಬಂದ. ವಂದನಾ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ತೆರೆದರು. ಹೈಸ್ಕೂಲಿನದು, ಪಿಯುಸಿಯದು, ಹೋದ ವರ್ಷದ್ದು. ಎಲ್ಲದರಲ್ಲೂ ಗದ್ದ ಮೂಗಿನ ನೇರಕ್ಕೇ ಇತ್ತು. ಅವರ ಮುಖ ಗಂಭೀರವಾಯಿತು.

"ಒಂದೇ ವರ್ಷದಲ್ಲಿ ಇಷ್ಟು ಸರಿದಿದೆಯಾ? ಹಾಗಾದ್ರೆ ಇದು ಜೋರಾಗಿ ಬೆಳೀತಿದೆ. ದವಡೆ ಕೀಲಿಗೇ ಆಪರೇಷನ್ ಬೇಕಾಗಬಹುದು. ಮಂಗಳೂರಿನ ಆಸ್ಪತ್ರೆಗೆ ಬರೆದುಕೊಡ್ತೀನಿ."

ಶಿಲ್ಪಶ್ರೀಯ ಕೈ ಕೆನ್ನೆಗೆ ಹೋಯಿತು.

"ಮೇಡಂ," ಯೋಗರಾಜ ಗಂಟಲು ಸರಿಮಾಡಿಕೊಂಡ. "ಅದು ನಾನು ತಿದ್ದಿದ್ದು."

"ಎಂತ?"

"ಪಾಸ್‌ಪೋರ್ಟ್ ಸೈಜಿಗೆ ಬಂದವರದ್ದೆಲ್ಲ ತಿದ್ತೀವಿ. ಕಿವಿ ಮೇಲಿದ್ರೆ ಇಳಿಸ್ತೀವಿ, ಬಾಯಿ ಓರೆ ಇದ್ರೆ ಎಳೀತೀವಿ. ಕೈಗೆ ರೂಢಿಯಾಗಿದೆ."

"ತಿದ್ದೋ ಮೊದಲಿನದು?"

"ಇಟ್ಕೊಳ್ಳಲ್ಲ. ಅದರ ಮೇಲೇ ಸೇವ್ ಮಾಡ್ತೀವಿ."

ವಂದನಾ ಶಿಲ್ಪಶ್ರೀಯತ್ತ ತಿರುಗಿದರು. "ಮೊಬೈಲಿನಲ್ಲಿ?"

"ಯಾರೇ ತೆಗೆದ್ರೂ ಗದ್ದ ಕಾಣದ ಹಾಗೆ ಓರೆಯಾಗಿ ನಿಲ್ತೀನಿ. ಆಧಾರ್ ಕಾರ್ಡಿಂದು ಒಂದಿದೆ."

"ಆಧಾರಲ್ಲಿ ಯಾರ ಮುಖ ನೆಟ್ಟಗಿದೆ ಬಿಡಿ." ಅವರು ನಕ್ಕರು. ಉಳಿದಿಬ್ಬರು ನಗಲಿಲ್ಲ. "ಹಾಗಾದ್ರೆ ಒಂದು ವರ್ಷ ಕಾಯಬೇಕು. ಆಗಾಗ ಬನ್ನಿ, ಅಳತೆ ತಗೊಳ್ತೀನಿ. ಅಲ್ಲೀವರೆಗೆ ಕ್ಲಿಪ್ ಬೇಡ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಅಪ್ಪ ಮಗಳು ಕೂತರು. ಯೋಗರಾಜ ಬಾಳೆಹಣ್ಣು ತಂದು ಕೊಟ್ಟ. ಅವಳು ಪಕ್ಕಕ್ಕಿಟ್ಟಳು.

"ಅಷ್ಟು ಕೆಟ್ಟದಾಗಿ ಕಾಣ್ತಿತ್ತಾ ಅಪ್ಪಾ?"

"ಛೆ, ಹಂಗಲ್ಲ ಮಗಾ. ನಾಳೆ ಯಾರೂ ಏನೂ ಅನ್ನಬಾರ್ದು ಅಂತ."

"ಯಾರೂ ಅಂದಿರ್ಲಿಲ್ಲ. ಮೊದಲು ನೋಡಿದ್ದು ನೀನೇ." ಅವಳು ಅಪ್ಪನತ್ತ ತಿರುಗಿ ಕೂತಳು. "ಹೋಗ್ಲಿ, ಯಾವಾಗಿಂದ ತಿದ್ದೋಕೆ ಶುರು ಮಾಡಿದ್ದು? ಹೈಸ್ಕೂಲಲ್ಲಿ ಎಷ್ಟು ಸರಿದಿತ್ತು? ನೆನಪು ಮಾಡ್ಕೋ. ಡಾಕ್ಟ್ರಿಗೆ ಬೇಕಾಗಿರೋದು ಅದೇ."

ಯೋಗರಾಜ ಕಣ್ಣು ಮುಚ್ಚಿದ. ಯೂನಿಫಾರ್ಮಿನ ಮಗಳು ಬಂದಳು, ಕಾಲೇಜು ಬ್ಯಾಗಿನ ಮಗಳೂ ಬಂದಳು. ಎಲ್ಲ ಮುಖವೂ ನೆಟ್ಟಗಿತ್ತು. ತಿದ್ದುವ ಮೊದಲಿನ ಮುಖ ಮಾತ್ರ, ಎಷ್ಟು ನೆನೆದರೂ, ಒಂದೂ ಬರಲಿಲ್ಲ.