ಮೂರು ನಿಮಿಷದ ಅಭ್ಯಾಸ

ಮಾರ್ಕೆಟ್ ಯಾರ್ಡಿನ ಹಮಾಲರ ಬೆಳಗಿನ ಚಹಾ ಮುಗಿಯುತ್ತಲೇ ತನಿಯಪ್ಪ ಹೋಟೆಲನ್ನು ಅಳಿಯನಿಗೆ ಒಪ್ಪಿಸಿ ಮನೆಗೆ ಬಂದರು. ಭಾನುವಾರ ಗಿರಾಕಿಗಳನ್ನು ಬಿಟ್ಟು ಬರುವ ಆಸಾಮಿಯಲ್ಲ ಅವರು. ಬಂದವರೇ ಅಟ್ಟದಿಂದ ಎರಡು ಪೆಟ್ಟಿಗೆ ಇಳಿಸಿದರು. ಒಂದರಲ್ಲಿ ಹಳೆಯ ಫಿಲ್ಮ್ ಸುರುಳಿಗಳು, ಇನ್ನೊಂದರಲ್ಲಿ ಡಿಜಿಟಲ್ ಕ್ಯಾಮೆರಾ ಮತ್ತು ಅದರ ಪುಟ್ಟ ಟೇಪುಗಳು.

ಇಷ್ಟಕ್ಕೆಲ್ಲ ಕಾರಣ ಮಗಳು ಯಶ್ಮಿತಾಳ ಮಗಳು ಚಿನ್ನು. ಅಜ್ಜಿಯ ದನಿ ಹೇಗಿತ್ತು ಎಂದು ಕೇಳಿದ್ದಳು. ಏಳು ವರ್ಷದ ಆ ಹುಡುಗಿ ಹುಟ್ಟುವ ಮೊದಲೇ ಅಜ್ಜಿ ಲೀಲಾಕ್ಷಿಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಆಕೆ ಬರೀ ತುಟಿ ಆಡಿಸುತ್ತಾರೆ, ಮನೆಯವರು ಓದಿಕೊಳ್ಳುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಓದುವವಳು ಚಿನ್ನು.

ಹೇಗಿತ್ತು ಎಂದು ಹೇಳಹೊರಟ ತನಿಯಪ್ಪನವರಿಗೆ ಏನೂ ತೋಚಲಿಲ್ಲ. ಇಪ್ಪತ್ತೆಂಟು ವರ್ಷ ಕೇಳಿದ ದನಿ. ದಪ್ಪವಿತ್ತೋ ಸಣ್ಣದೋ, ಅದೂ ನೆನಪಿಗೆ ಬರಲಿಲ್ಲ. ಮರೆತದ್ದಕ್ಕಿಂತ, ಮರೆತೆನಲ್ಲ ಎಂದು ದುಃಖವೂ ಆಗದಿದ್ದದ್ದು ಅವರನ್ನು ಹೆದರಿಸಿತು. ಹಲ್ಲು ಕೀಳಿಸಿಕೊಂಡ ಮೇಲಿನ ಕೆನ್ನೆಯ ಹಾಗೆ ಎದೆ ಮರಗಟ್ಟಿತ್ತು. ಟೇಪಿನಲ್ಲಿದೆ, ಭಾನುವಾರ ಕೇಳಿಸುತ್ತೇನೆ ಎಂದು ಜಂಬದಿಂದ ಹೇಳಿ ಪಾರಾಗಿದ್ದರು. ಮರೆತ ವಿಷಯ ಯಾರಿಗೂ ಹೇಳಲಿಲ್ಲ.

ಜಂಬಕ್ಕೆ ಆಧಾರವಿತ್ತು. ಮದುವೆಯಾದ ವರ್ಷ ಕೊಂಡ ಸೂಪರ್ ಎಂಟು ಫಿಲ್ಮ್ ಕ್ಯಾಮೆರಾ ಮೂಕ ನಿಜ. ಆದರೆ ಆಮೇಲೆ ಬಂದ ಡಿಜಿಟಲ್ಲು ಸದ್ದನ್ನೂ ಹಿಡಿಯುತ್ತಿತ್ತು. ಒಂದೊಂದು ಟೇಪಿಗೂ ಒಂದು ಗಂಟೆ, ಅಂಥವು ಹದಿನಾಲ್ಕು. ಆಪರೇಶನ್ನಿನ ಹಿಂದಿನ ದಿನವೂ ಹೆಂಡತಿಯ ದನಿ ತುಂಬಿಟ್ಟುಕೊಳ್ಳಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಹೇಗೂ ಟೇಪುಗಳಿವೆಯಲ್ಲ ಎಂಬ ಧೈರ್ಯ.

ಕ್ಯಾಮೆರಾವನ್ನು ಟಿವಿಗೆ ಜೋಡಿಸಿದರು. ಚಿನ್ನು ಟಿವಿಯ ಮುಂದೆ ಕೂತಳು. ಲೀಲಾಕ್ಷಿ ಬಟಾಣಿಯ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತರು. ಮೊದಲ ಟೇಪಿನಲ್ಲಿ ಯಶ್ಮಿತಾಳ ಹುಟ್ಟುಹಬ್ಬ. ಕುಕ್ಕರಿನ ಸೀಟಿ, ರಸ್ತೆಯ ರಿಕ್ಷಾ, ಪಕ್ಕದ ಮನೆಯ ಕೃಷ್ಣಾಬಾಯಿಯ ಮರಾಠಿ ಹರಟೆ, ಎಲ್ಲ ಸ್ಪಷ್ಟವಾಗಿತ್ತು. ಲೀಲಾಕ್ಷಿ ಅಡುಗೆಮನೆಯಿಂದ ಬಂದರು, ಕ್ಯಾಮೆರಾದತ್ತ ತಿರುಗಿದರು, ಬಾಯಿ ತೆರೆದರು. ದೃಶ್ಯ ಕಡಿಯಿತು. ಮುಂದಿನದು ಸಿಂಹಗಡ ಕೋಟೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು, ಬಾಯಿ ತೆರೆದರು, ಮತ್ತೆ ಕಡಿಯಿತು. ಮೂರನೆಯ ಸಲ ಮಾತ್ರ ಕಡಿಯುವ ಮೊದಲು ಒಂದು ಗಂಡುದನಿ ಕೇಳಿಸಿತು.

"ಸುಮ್ಮನಿರು ಮಾರಾಯ್ತಿ, ರೋಲು ಹಾಳಾಗ್ತದೆ."

ತನಿಯಪ್ಪನವರದೇ ದನಿ. ಟೇಪಿನಲ್ಲಿ ರೋಲೂ ಇಲ್ಲ ಮಣ್ಣೂ ಇಲ್ಲ. ಆದರೆ ಇಪ್ಪತ್ತು ವರ್ಷ ಫಿಲ್ಮು ಓಡಿಸಿದ ಬೆರಳಿಗೆ ಅದು ಗೊತ್ತಿರಲಿಲ್ಲ. ಫಿಲ್ಮಿನ ಒಂದು ಸುರುಳಿಗೆ ಇದ್ದದ್ದು ಮೂರು ಚಿಲ್ಲರೆ ನಿಮಿಷ. ಅದರಲ್ಲಿ ಯಾರಾದರೂ ಮಾತಾಡುತ್ತ ನಿಂತರೆ ದಂಡ, ತೆರೆಯ ಮೇಲೆ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ. ಹೆಂಡತಿ ಬಾಯಿ ತೆರೆದಳೆಂದರೆ ಬೆರಳು ತಾನಾಗಿ ಗುಂಡಿ ಬಿಟ್ಟು ಕ್ಯಾಮೆರಾ ನಿಲ್ಲಿಸುತ್ತಿತ್ತು. ಒಂದು ಗಂಟೆಯ ಟೇಪು ಕೈಗೆ ಬಂದಮೇಲೂ ಈ ಮಹಾಶಯರು ಮೂರು ನಿಮಿಷದ ಜಿಪುಣತನ ಬಿಡಲಿಲ್ಲ.

ಮಧ್ಯಾಹ್ನದ ಊಟ ಹಾಗೇ ಉಳಿಯಿತು. ಟೇಪುಗಳನ್ನು ಓಡಿಸಿ ಓಡಿಸಿ ನೋಡಿದರು. ಏಳನೆಯದರ ಹೊತ್ತಿಗೆ ಲೀಲಾಕ್ಷಿಯೇ ಪಳಗಿದ್ದರು. ಕ್ಯಾಮೆರಾ ಕಂಡ ಕೂಡಲೇ ತುಟಿ ಬಿಗಿದು ನಗುತ್ತಿದ್ದರು, ಆಮೇಲೆ ಬಾಯಿ ತೆರೆದದ್ದೇ ಇಲ್ಲ. ಹದಿನಾಲ್ಕೂ ಮುಗಿದವು. ಬರೀ ಅಜ್ಜನ ದನಿ ಇದೆ ಎಂದಳು ಚಿನ್ನು. ಅದು ದೂರೇನೂ ಆಗಿರಲಿಲ್ಲ, ಕಂಡದ್ದನ್ನು ಹೇಳಿದ್ದಳು.

ತನಿಯಪ್ಪ ಅಳು ಬರಬಹುದೆಂದು ಕಾದರು. ಬರಲಿಲ್ಲ. ಸಿಂಹಗಡದ ಟೇಪನ್ನು ಮತ್ತೆ ಹಾಕಿ, ಆಕೆ ಬಾಯಿ ತೆರೆದಲ್ಲಿ ನಿಲ್ಲಿಸಿದರು.

"ಆವತ್ತು ಎಂತ ಹೇಳ್ಲಿಕ್ಕಿತ್ತು ನಿಂಗೆ?"

ಲೀಲಾಕ್ಷಿ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಪರದೆಯನ್ನು ನೋಡಿದರು. ನಂತರ ಗಂಡನ ಕಡೆ ತಿರುಗಿ ತುಟಿ ಆಡಿಸಿದರು. ತನಿಯಪ್ಪನವರಿಗೆ ಈ ಸಲ ಒಂದಕ್ಷರವೂ ಓದಲಾಗಲಿಲ್ಲ, ಚಿನ್ನುವಿನ ಮುಖ ನೋಡಿದರು.

"ನೆನಪಿಲ್ವಂತೆ ಅಜ್ಜ," ಎಂದಳು ಚಿನ್ನು. "ನೀವು ಕೇಳ್ತೀರಿ ಅಂತ ತುಂಬಾ ದಿನ ನೆನಪಿಟ್ಟಿದ್ರಂತೆ. ಮತ್ತೆ ಮರ್ತು ಹೋಯ್ತಂತೆ."