ಹನ್ನೆರಡನೆಯ ತಿಂಗಳಿಗೆ ನಿಂತ ಗೆರೆ

ಅವನ ಮೇಲ್ತುಟಿಗೆ ಕೊಬ್ಬರಿ ತುರಿ ಅಂಟಿದೆ, ಯಾರೂ ಹೇಳುತ್ತಿಲ್ಲ, ನಾನೂ ಹೇಳುವುದಿಲ್ಲ, ಇರಲಿ ಹಾಗೇ — ಲ್ಯಾಮಿಂಗ್ಟನ್ ಕೇಕ್ ಮೆದ್ದ ಬಾಯಲ್ಲೇ ಖಿನ್ನತೆಯ ಉಪನ್ಯಾಸ, ಲೌಡನ್ ಪ್ರೌಸ್ ಎಂಬ ಮಹಾಶಯನದು, ಆರೋಗ್ಯದ ಅರ್ಥಶಾಸ್ತ್ರಜ್ಞನಂತೆ, ಇವನ ತಲೆ, ಗೋಡೆಯ ಮೇಲಿನ ನಕ್ಷೆಯಲ್ಲಿ ಮಾತ್ರೆ ಬಿಟ್ಟವರ ಹಸಿರು ಗೆರೆಗೆ ಬೆಳಕಿನ ಚುಕ್ಕಿ ಕುಣಿಸುತ್ತಾ ಹೇಳುತ್ತಾನೆ, ಮರುಕಳಿಸುವ ಖಿನ್ನತೆಯವರಿಗೆ ಗುಣವಾದ ಮೇಲೂ ವರ್ಷಗಟ್ಟಲೆ ಮಾತ್ರೆ ಕೊಟ್ಟರೆ ಸರ್ಕಾರಕ್ಕೆ ಗಿಟ್ಟುವುದಿಲ್ಲ, ನೋಡಿ, ಮಾತ್ರೆ ಬಿಟ್ಟವರೂ ನುಂಗಿದವರೂ ಹೆಚ್ಚುಕಮ್ಮಿ ಒಂದೇ. ಗೆರೆ ಹನ್ನೆರಡನೆಯ ತಿಂಗಳಿಗೆ ನಿಂತಿದೆ, ಮುಂದೆ ಬರೀ ಗೋಡೆ. ಗುಣವಾದವರ ಮಾತ್ರೆಗೆ ಸರ್ಕಾರದ ರಿಯಾಯಿತಿ ನಿಲ್ಲಿಸಲು ಸಮಿತಿಯ ನಾವೆಲ್ಲ ಊಟಕ್ಕೆ ಮೊದಲು ಕೈ ಎತ್ತಬೇಕು, ಊಟ ತಣ್ಣಗಾಗಬಾರದಲ್ಲ, ಮತ್ತು ರಿಯಾಯಿತಿ ಹೋದ ದಿನವೇ ನನ್ನ ತಮ್ಮ ಡೆಸ್ ಮಾತ್ರೆ ಬಿಡುತ್ತಾನೆ, ಅವನಿಗೆ ಒಂದು ನೆಪ ಸಿಕ್ಕರೆ ಸಾಕು, ನಾನೇನು ಹುಚ್ಚನಾ ಅಕ್ಕಾ, ಚೆನ್ನಾಗೇ ಇದೀನಲ್ಲ, ಹಿಂದಿನ ಸಲವೂ ಹೀಗೇ ಅಂದಿದ್ದ, ಬಿಟ್ಟ, ಇಡೀ ವರ್ಷ ಚೆನ್ನಾಗೇ ಇದ್ದ, ಅಡಿಲೇಡಿನ ಅರ್ಧ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸಿದ, ನನ್ನ ಪಾವ್ಲೋವಾ ಕೇಕನ್ನು ಗಾರೆ ಎಂದು ಗೇಲಿ ಮಾಡಿದ — ಆಮೇಲೆ ಒಂದು ಬೆಳಿಗ್ಗೆ ಅವನ ಮನೆಯ ಮುಂದೆ ಪಿಕಪ್, ಒಳಗೆ ಅವನು, ಎಂಜಿನ್ ಆಫ್, ಸೀಟ್ ಬೆಲ್ಟ್ ಬಿಗಿದಿದೆ, ತೊಡೆಯ ಮೇಲೆ ಊಟದ ಡಬ್ಬಿ, ಕೈ ಸ್ಟೀರಿಂಗ್ ಮೇಲೆ, ಈಗ ಹೊರಡ್ತೀನಿ ಅಕ್ಕಾ, ಮಧ್ಯಾಹ್ನ ಹೋಗಿ ನೋಡಿದರೂ ಅದೇ ಮಾತು, ಡಬ್ಬಿ ತೆರೆದಿಲ್ಲ, ಪ್ಯಾಂಟು ಒದ್ದೆ.

ಈ ಜಾಣರಿಗೆ ಅದು ಎಲ್ಲಿ ಕಾಣಬೇಕು, ಅದು ಹದಿಮೂರನೆಯ ತಿಂಗಳಲ್ಲಿ ಆದದ್ದು, ಇವರು ಅಂಗಡಿ ಮುಚ್ಚಿ ಹೋದ ಮೇಲೆ. ಅಧ್ಯಕ್ಷೆ ಗ್ವೆಂಡಾ ಈ ಕಡೆ ಹಲ್ಲು ಬಿಡುತ್ತಾಳೆ, ಮಗುವಿಗೆ ಮಿಠಾಯಿ ತೋರಿಸುವವಳ ಮುಖ, ರೋಗಿಗಳ ಮನೆಯವರ ಪರವಾಗಿ ನೊಲೀನ್ ಎರಡು ಮಾತು ಹೇಳ್ತೀರಾ, ನಿಮ್ಮ ಅನುಭವ ನಮಗೆ ಬಹಳ ಮುಖ್ಯ — ಎಷ್ಟು ಮುಖ್ಯವೆಂದರೆ ನನ್ನ ಕುರ್ಚಿ ಚಹಾದ ಫ್ಲಾಸ್ಕಿನ ಪಕ್ಕ. ಅಳುತ್ತೇನೆಂದು ಕಾಯುತ್ತಿದ್ದಾರೆ, ಟಿಶ್ಯೂ ಡಬ್ಬಿ ಆಗಲೇ ಮುಂದೆ ಬಂತು, ಥೂ. ವರ್ಷ ಕಳೆದ ಮೇಲೆ ಕಾಯಿಲೆ ಬಿದ್ದವರನ್ನ ಎಲ್ಲಿ ಬರ್ಕೊಂಡಿದೀರಿ, ಎಂದು ಕೇಳಿದೆ, ಅಷ್ಟೇ. ಪ್ರೌಸ್ ಸಂತೋಷದಿಂದ ತಿರುಗಿದ, ಬಹಳ ಒಳ್ಳೆ ಪ್ರಶ್ನೆ, ನಾವು ನೋಡಿದ್ದು ಒಂದೇ ವರ್ಷ, ಅಲ್ಲೀತನಕ ಬೀಳದವರನ್ನೆಲ್ಲ ಗುಣವಾದವರು ಅಂತ ಹಿಡಿದಿದೀವಿ. ಗುಣವಾದವರು. ಹಾಗಾದರೆ ಈ ಲೆಕ್ಕದಲ್ಲಿ ಹದಿಮೂರನೆಯ ತಿಂಗಳಿಗೆ ಬಿದ್ದ ಡೆಸ್ ಕೂಡ ಗುಣವಾದವನು, ಈ ಹಸಿರು ಗೆರೆಯೊಳಗೇ ಇದ್ದಾನೆ, ಮಾತ್ರೆ ಬೇಡವೆನ್ನುವುದಕ್ಕೆ ಇವರ ಕೈಯಲ್ಲಿರುವ ಸಾಕ್ಷಿ ನನ್ನ ತಮ್ಮನೇ — ಕೈ ಎತ್ತಿ ಎನ್ನುತ್ತಾಳೆ ಗ್ವೆಂಡಾ, ಒಂದೊಂದಾಗಿ ಏಳುತ್ತಿವೆ, ನುಣುಪಾದ ಕೈಗಳು, ಕೊಬ್ಬರಿ ಹತ್ತಿದ ಕೈ, ನನ್ನವೆರಡೂ ತೊಡೆಯ ಮೇಲೆ, ವಿರೋಧ ಯಾರದಾದರೂ, ಎನ್ನುತ್ತಿದ್ದಾಳೆ, ಎತ್ತಬೇಕು, ಎತ್ತುತ್ತೇನೆ, ಈಗ, ಕೈ ತೊಡೆ ಬಿಟ್ಟು ಏಳುತ್ತಿಲ್ಲ — ಎಂಜಿನ್ ಆಫ್, ಬೆಲ್ಟ್ ಬಿಗಿದಿದೆ, ಈಗ ಹೊರಡ್ತೀನಿ ಅಕ್ಕಾ, ಬೆಲ್ಟ್ ಬಿಗಿದಿದೆ